ಮೇಷ್ಟ್ರ ಕೈಗವಸು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಷ್ಟು ತಾಳ್ಮೆಯ ಮನುಷ್ಯ ಇನ್ನೊಬ್ಬರಿಲ್ಲ ಎಂದು ಊರಿನ ಅರ್ಧ ಜನ ಹೇಳುತ್ತಿದ್ದರು. ಉಳಿದರ್ಧ ಜನ ಇನ್ನೂ ಕಾರು ಕಲಿತಿರಲಿಲ್ಲ. ಮೂವತ್ತೊಂದು ವರ್ಷ ಅವರು ಪಕ್ಕದ ಸೀಟಿನಲ್ಲಿ ಕೂತು ಬೇರೆಯವರಿಗೆ ಗಾಡಿ ಓಡಿಸಲು ಕಲಿಸಿದ್ದರು. ಅವರ ಕಾಲಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಸ್ಟಿಯರಿಂಗ್ ಮಾತ್ರ ಒಂದೇ. ಹೊಸಬರು ಮೊದಲ ದಿನ ಬೆವರುತ್ತ ಕೂತಾಗ ಮೇಷ್ಟ್ರು ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟು ತೋರಿಸಿ, "ನೋಡಿ, ನನ್ನ ಕೈ ಇಲ್ಲಿದೆ. ಇಲ್ಲೇ ಇರುತ್ತೆ. ಗಾಡಿ ನಿಮ್ದು" ಎನ್ನುತ್ತಿದ್ದರು. ಗಾಡಿ ಚರಂಡಿಗೆ ಮುಖ ಮಾಡಿದರೂ ಕೊನೆ ಗಳಿಗೆಯಲ್ಲಿ ಬ್ರೇಕು ಒತ್ತುತ್ತಿದ್ದರೇ ಹೊರತು ಸ್ಟಿಯರಿಂಗಿಗೆ ಕೈ ಹಾಕಿದವರಲ್ಲ.

ಅಂಥ ಮನುಷ್ಯ ಮನೆಯಲ್ಲಿ ಹೆಂಡತಿಗೆ ಒಂದು ಲೋಟ ಎತ್ತಲೂ ಬಿಡುತ್ತಿರಲಿಲ್ಲ.

ಹೆಂಡತಿಯನ್ನು ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯ ಕಿಟಕಿ ಪಕ್ಕ ಅವರ ಹೊಲಿಗೆ ಮೆಷಿನ್ನು. ಎರಡು ಶಾಲೆಯ ಮಕ್ಕಳ ಸಮವಸ್ತ್ರ ಆ ಮೆಷಿನ್ನಿನಿಂದಲೇ ಹೊರಬರುತ್ತಿತ್ತು. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಸೂಜಿಗೆ ದಾರ ಪೋಣಿಸುವಾಗ ದಾರ ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದರೆ ಬಲಗೈ ಮಾತು ಕೇಳಲಿಲ್ಲ. ಮೇಷ್ಟ್ರು ಒಳಗಿನಿಂದ ಬರುವಷ್ಟರಲ್ಲಿ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಪಾರ್ಶ್ವವಾಯು ಎಂದರು ಆಸ್ಪತ್ರೆಯಲ್ಲಿ. ಹದಿನೆಂಟು ದಿನದ ನಂತರ ಟೈಲರಮ್ಮ ಬಲಗೈ, ಬಲಗಾಲು ಎರಡನ್ನೂ ಯಾರದೋ ಸಾಮಾನಿನಂತೆ ಜೊತೆಯಲ್ಲಿಟ್ಟುಕೊಂಡು ಮನೆಗೆ ಬಂದರು. ಮಾತು ಉಳಿದಿತ್ತು, ಆದರೆ ನಿಧಾನವಾಗಿತ್ತು.

ಅಂದಿನಿಂದ ಮೇಷ್ಟ್ರು ಅವರನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. ಮಕ್ಕಳಿರಲಿಲ್ಲ; ಇರುವುದು ಇವರಿಬ್ಬರೇ. ಬೆಳಿಗ್ಗೆ ಕಂಕುಳಿಗೆ ಕೈಕೊಟ್ಟು ಎತ್ತಿ ಕೂರಿಸುವುದು, ಹಲ್ಲುಜ್ಜಿಸುವುದು, ಸ್ನಾನ ಮಾಡಿಸುವುದು, ಅಂಗಿ ತೊಡಿಸಿ ಗುಂಡಿ ಹಾಕುವುದು, ತುತ್ತು ಮಾಡಿ ಬಾಯಿಗಿಡುವುದು. ಎಲ್ಲ ಮುಗಿಸಿ ಹತ್ತು ಗಂಟೆಗೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಎಡಗೈಗೆ ಸಿಗುವ ಹಾಗೆ ನೀರು, ಫೋನು, ಕರವಸ್ತ್ರ ಇಟ್ಟು, ಎದುರುಮನೆಯಾಕೆಗೆ ಆಗಾಗ ಇಣುಕಲು ಹೇಳಿ ಪಾಠಕ್ಕೆ ಹೋಗುವುದು. ಟೈಲರಮ್ಮ "ನನಗೆ..." ಎಂದು ಶುರುಮಾಡಿದರೆ ಮೇಷ್ಟ್ರು "ನೀರಾ?" ಎಂದು ಮುಗಿಸಿಯೇ ಬಿಡುತ್ತಿದ್ದರು. ಹೇಳಬೇಕಿದ್ದದ್ದು ನೀರಲ್ಲದಿದ್ದರೂ ಟೈಲರಮ್ಮ ಕುಡಿದುಬಿಡುತ್ತಿದ್ದರು. ಅಷ್ಟು ದೂರ ಮತ್ತೆ ಮಾತು ಎಳೆದು ತರುವುದು ಯಾರಿಗೆ ಬೇಕು?

ಇದು ಪ್ರೀತಿಯಲ್ಲ ಎಂದು ಯಾರೂ ಹೇಳಲಾರರು. ಆದರೆ ಆ ಪ್ರೀತಿ ಬಹಳ ಅವಸರದ್ದು.

ವಾರಕ್ಕೆರಡು ಸಲ ವ್ಯಾಯಾಮ ಮಾಡಿಸಲು ಒಬ್ಬ ಫಿಸಿಯೋ ಹುಡುಗಿ ಬರುತ್ತಿದ್ದಳು. ನೋಡಲು ಕಡ್ಡಿಯ ಹಾಗಿದ್ದರೂ ದನಿ ಜೋರು. ಒಂದು ದಿನ ಅವಳು ಅಚ್ಚು ಹಾಕಿದ ಹಾಳೆ ತಂದಳು. ಅದರಲ್ಲಿ ಹತ್ತು ಪ್ರಶ್ನೆ.

"ಅಮ್ಮಾ, ಹಾಸಿಗೆಯಿಂದ ನೀವೇ ಎದ್ದು ಕೂರ್ತೀರಾ?"

"ಆಗಲ್ಲ" ಎಂದರು ಮೇಷ್ಟ್ರು.

"ಅಂಗಿ ಹಾಕ್ಕೊಳ್ಳೋದು?"

"ಆಗಲ್ಲ."

"ಊಟ?"

"ಎಲ್ಲಾಗುತ್ತಮ್ಮಾ? ಬಲಗೈ ಅಲ್ವಾ?"

ಹತ್ತಕ್ಕೆ ಹತ್ತೂ ಆಗಲ್ಲ ಎಂದಾಯಿತು. ಒಂದಕ್ಕೂ ಟೈಲರಮ್ಮನಿಗೆ ಬಾಯಿ ತೆರೆಯಲು ಅವಕಾಶ ಸಿಗಲಿಲ್ಲ. ಹುಡುಗಿ ಪೆನ್ನು ಕೆಳಗಿಟ್ಟಳು.

"ಸರ್, ಅಮ್ಮ ಗುಂಡಿ ಹಾಕ್ಕೋತಾರಾ ಅಂತ ನೀವು ಎಷ್ಟು ಹೊತ್ತು ಕಾದು ನೋಡಿದ್ದೀರಿ?"

ಮೇಷ್ಟ್ರಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕಾಯೋದ್ಯಾಕೆ? ನಾನಿಲ್ವಾ?"

ಹೋಗುವಾಗ ಹುಡುಗಿ ದಪ್ಪ ಬಟ್ಟೆಯ ಒಂದು ಕೈಗವಸು ಕೊಟ್ಟು ಹೋದಳು. ಬೆರಳುಗಳಿಲ್ಲದ, ಚೀಲದಂಥ ಗವಸು. ಅದನ್ನು ಚೆನ್ನಾಗಿರುವ ಎಡಗೈಗೆ ಹಾಕಿ ದಿನಕ್ಕೆರಡು ಗಂಟೆ ಕೂರಬೇಕು, ಆಗ ಬೇರೆ ದಾರಿಯಿಲ್ಲದೆ ಬಲಗೈ ಕೆಲಸಕ್ಕಿಳಿಯುತ್ತದೆ ಎಂದಳು. ಬಲಗೈ ಬೆರಳುಗಳಲ್ಲಿ ಅಷ್ಟಿಷ್ಟು ಅಲುಗಾಟ ಬಂದಿದೆ, ಈಗ ಬಿಟ್ಟರೆ ಕಷ್ಟ ಎಂದೂ ಸೇರಿಸಿದಳು. ಮೇಷ್ಟ್ರು ಹಾಕಿಸಿ ನೋಡಿದರು. ಮೇಜಿನ ಮೇಲಿನ ಬಾಚಣಿಗೆಯೊಂದನ್ನು ಹಿಡಿಯಲು ಟೈಲರಮ್ಮನ ಬಲಗೈ ತೆವಳಿ ತೆವಳಿ ಹೋಗಿ, ಮುಟ್ಟಿ, ಬೀಳಿಸಿತು. ಒಂದು ಕಾಲಕ್ಕೆ ಕಣ್ಣುಮುಚ್ಚಿ ಗುಂಡಿಯ ಕಾಜಾ ಹೊಲಿಯುತ್ತಿದ್ದ ಕೈ. ಮೇಷ್ಟ್ರು ಗವಸು ಬಿಚ್ಚಿ ಡ್ರಾಯರಿಗೆ ಹಾಕಿ, "ಇದೆಂಥ ಶಿಕ್ಷೆ, ಬೇಡ ಬಿಡು" ಎಂದು ಬಾಚಣಿಗೆಯನ್ನು ತಾವೇ ಎತ್ತಿ ತಲೆ ಬಾಚಿದರು.

ಟೈಲರಮ್ಮ ಮುಖ ಕಿಟಕಿ ಕಡೆ ತಿರುಗಿಸಿಕೊಂಡರು.

ಮೇಷ್ಟ್ರಿಗೆ ಆಗ ಇನ್ನೊಂದು ಗುಟ್ಟಿತ್ತು. ಎರಡು ತಿಂಗಳಿಂದ ಕಿಬ್ಬೊಟ್ಟೆಯಲ್ಲಿ ಒಂದು ಗಂಟು. ಹೆಂಡತಿಯನ್ನು ಎತ್ತಿದಾಗೆಲ್ಲ ಹೊರಗೆ ಬಂದು, ಮಲಗಿದರೆ ಒಳಗೆ ಹೋಗುತ್ತಿತ್ತು. ಡಾಕ್ಟರು ನೋಡಿ ಹರ್ನಿಯಾ ಎಂದರು. "ಏನು ಎತ್ತುತ್ತೀರಿ ದಿನಾ?" ಎಂದು ಕೇಳಿದಾಗ ಮೇಷ್ಟ್ರು ಗೋಡೆಯ ಕ್ಯಾಲೆಂಡರ್ ನೋಡಿದರು. ಆಪರೇಷನ್ ಆಗಲೇಬೇಕು, ಆದ ಮೇಲೆ ಮೂರು ತಿಂಗಳು ತುಂಬಿದ ಬಕೆಟ್ಟನ್ನೂ ಎತ್ತಕೂಡದು, ಮಾಡಿಸದೆ ಹೀಗೇ ಎತ್ತುತ್ತಾ ಹೋದರೆ ಒಂದು ದಿನ ಕರುಳು ಸಿಕ್ಕಿಕೊಂಡು ಜೀವಕ್ಕೇ ಬಂದೀತು ಎಂದರು ಡಾಕ್ಟರು. ಮೇಷ್ಟ್ರು ತಲೆಯಾಡಿಸಿ ಬಂದು, ಪ್ಯಾಂಟಿನೊಳಗೆ ಬಿಗಿಯಾದ ಬೆಲ್ಟು ಕಟ್ಟಿಕೊಂಡು ಎಂದಿನಂತೆ ಹೆಂಡತಿಯನ್ನು ಎತ್ತಿದರು. ಬೆಲ್ಟಿನಿಂದ ಪ್ಯಾಂಟು ಬಿಗಿಯಾಯಿತು. ಆಚೆ ಬೀದಿಯ ದರ್ಜಿಯ ಹತ್ತಿರ ಹೋಗಿ ಎರಡು ಪ್ಯಾಂಟಿನ ಸೊಂಟ ಬಿಡಿಸಿಕೊಂಡು ಬಂದರು.

ಮೂವತ್ತು ವರ್ಷ ಟೈಲರ್ ಜೊತೆ ಸಂಸಾರ ಮಾಡಿದವರು ಮಾಡಬಾರದ ತಪ್ಪು ಅದು.

ಒಣಗಿದ ಬಟ್ಟೆಯನ್ನು ಮೇಷ್ಟ್ರು ಮಂಚದ ಮೇಲೆ ರಾಶಿ ಹಾಕಿ ಮಡಚುತ್ತಿದ್ದರು. ಪಕ್ಕದಲ್ಲಿ ಕೂತ ಟೈಲರಮ್ಮ ಒಂದು ಪ್ಯಾಂಟನ್ನು ಎಡಗೈಯಿಂದ ಎಳೆದುಕೊಂಡರು. ಹೆಬ್ಬೆರಳು ಸೊಂಟಪಟ್ಟಿಯ ಉದ್ದಕ್ಕೂ ಓಡಿ, ಹಿಂದುಗಡೆ ಒಂದು ಕಡೆ ನಿಂತಿತು.

"ಇದು ಯಾರ ಹೊಲಿಗೆ?"

"ಯಾವ್ದು?" ಮೇಷ್ಟ್ರು ಮಡಚಿದ್ದ ಅಂಗಿಯನ್ನು ಬಿಡಿಸಿ ಮತ್ತೆ ಮಡಚಿದರು.

"ನನ್ನ ಹೊಲಿಗೆ... ಇಷ್ಟು ದಪ್ಪ ಇರಲ್ಲ. ಯಾರ ಹತ್ರ ಹೋಗಿದ್ರಿ?"

"ಸ್ವಲ್ಪ ಹೊಟ್ಟೆ ಬಂತು ಕಣೇ. ಅದಕ್ಕೆ..."

"ಸಣ್ಣಗಾಗಿದ್ದೀರಿ. ಅಳತೆ ನನ್ ಕಣ್ಣಲ್ಲಿದೆ. ಅಂಗಿ ಎತ್ತಿ."

ಬೇರೆ ಹೆಂಗಸಿನ ಸಹವಾಸ ಸಿಕ್ಕಿಬಿದ್ದಿದ್ದರೂ ಮೇಷ್ಟ್ರು ಇಷ್ಟು ಬೆವರುತ್ತಿರಲಿಲ್ಲ. ಅಂಗಿ ಎತ್ತಿದರು. ಬೆಲ್ಟು ಕಂಡಿತು. ಹೇಳಬೇಕಾಯಿತು.

ಟೈಲರಮ್ಮ ಬಹಳ ಹೊತ್ತು ಆ ಬೆಲ್ಟನ್ನೇ ನೋಡಿದರು. "ನನ್ನ ಎತ್ತೀ ಎತ್ತೀ ಬಂತಾ?"

"ಛೇ, ಟೈರ್ ಬದಲಾಯಿಸುವಾಗ..."

"ನೀವು ಟೈರ್ ಮುಟ್ಟಿ ಎಷ್ಟು ವರ್ಷ ಆಯ್ತು?"

ಟೈಲರಮ್ಮ ಅತ್ತರು. ಎಂಟು ತಿಂಗಳಲ್ಲಿ ತಮ್ಮ ಕೈಕಾಲಿಗಾಗಿ ಅಷ್ಟು ಅತ್ತಿರಲಿಲ್ಲ. ತನ್ನ ಮೈಭಾರವೇ ಗಂಡನ ಹೊಟ್ಟೆ ಸೀಳಿದೆ ಎಂಬುದು ಆಕೆಗೆ ನುಂಗಲಾರದ ತುತ್ತಾಯಿತು. ಕಣ್ಣೀರು ಒರೆಸಲು ಹೋದ ಮೇಷ್ಟ್ರ ಕೈಯನ್ನು ಮಾತ್ರ ತಳ್ಳಿ, ತಮ್ಮ ಎಡಗೈಯಲ್ಲೇ ಒರೆಸಿಕೊಂಡರು.

ಸುದ್ದಿ ಮೇಷ್ಟ್ರ ಅಕ್ಕನಿಗೆ ಮುಟ್ಟಿತು. ಅಕ್ಕ ಒಳ್ಳೆಯವರು, ಒಳ್ಳೆಯತನವನ್ನೂ ಹುಕುಂ ಥರ ನಡೆಸುವವರು. ಫೋನಿನಲ್ಲೇ ಎಲ್ಲ ತೀರ್ಮಾನಿಸಿದರು: ಮೇಷ್ಟ್ರಿಗೆ ಆಪರೇಷನ್, ಟೈಲರಮ್ಮ ಮೂರು ತಿಂಗಳು ಅಕ್ಕನ ಮನೆಯಲ್ಲಿ. ಮಹಡಿ ಮೇಲೆ ಕೋಣೆ ಇದೆ, ನೋಡಿಕೊಳ್ಳಲು ಆಳಿದೆ, ಯೋಚನೆಯೇ ಬೇಡ. ಮೇಷ್ಟ್ರಿಗೆ ತಲೆಯ ಮೇಲಿನ ಭಾರ ಇಳಿದಂತಾಯಿತು.

"ನಾನು ಹೋಗಲ್ಲ" ಎಂದರು ಟೈಲರಮ್ಮ, ಕಡ್ಡಿ ಮುರಿದ ಹಾಗೆ.

"ಮೂರೇ ತಿಂಗಳು ಕಣೇ."

"ಮಹಡಿ ಹತ್ತಿಸ್ತಾರೆ. ಇಳಿಯೋಕೆ ನನಗೆ ಬರಲ್ಲ. ನೆಂಟಳಾಗಿ ಹೋಗಿ... ಸಾಮಾನಾಗಿ ಉಳೀತೀನಿ." ಉಸಿರು ತೆಗೆದುಕೊಂಡು, ಮೇಷ್ಟ್ರು ಮಧ್ಯೆ ಬಾಯಿ ಹಾಕದಂತೆ ಎಡಗೈ ಎತ್ತಿ ತಡೆದು, ಮುಂದುವರಿಸಿದರು. "ಇಲ್ಲೇ ಇರ್ತೀನಿ. ನೀವು ಹೋಗ್ಬನ್ನಿ. ನಿಮ್ಮನ್ನ ನಾನು ಎತ್ತೋಕಾಗಲ್ಲ. ಆದ್ರೆ ನೀವು ನನ್ನ ಎತ್ತೋದು ಇನ್ಮೇಲೆ ಬೇಡ."

ಮೇಷ್ಟ್ರು ಮುಖ ಊದಿಸಿಕೊಂಡು ಪಾಠಕ್ಕೆ ಹೋದರು. ಅಂದು ಮೊದಲ ಬಾರಿಗೆ ಒಬ್ಬ ಶಿಷ್ಯನ ಮೇಲೆ ರೇಗಿದರಂತೆ.

ನಾಲ್ಕು ದಿನದ ನಂತರ ಮಧ್ಯಾಹ್ನ ಮೇಷ್ಟ್ರು ಮನೆಗೆ ಬಂದಾಗ ಟೈಲರಮ್ಮ ಬೆಳಿಗ್ಗೆ ಕೂರಿಸಿ ಹೋದಂತೆಯೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಆದರೆ ಮೆಷಿನ್ನಿನ ಹೊದಿಕೆಯ ಮಡಿಕೆ ಬೇರೆಯಾಗಿತ್ತು. ನೆಲದ ಮೇಲೆ ನೀಲಿ ದಾರದ ತುಂಡುಗಳಿದ್ದವು. ಮೇಜಿನ ಮೇಲೆ ಸಮವಸ್ತ್ರದ ನೀಲಿ ಬಟ್ಟೆಯಲ್ಲಿ ಹೊಲಿದ ಎರಡು ಚೀಲ, ಬಾಯಲ್ಲಿ ಕಟ್ಟಲು ಲಾಡಿ. ಹೊಲಿಗೆ ಕುಡಿದವನ ನಡಿಗೆಯಂತೆ ಅತ್ತಿತ್ತ ಹೋಗಿತ್ತು.

"ಇದು... ಯಾರು?"

"ನಾನೇ. ಎದ್ದೆ. ನಡೆದೆ. ಎಡಗಾಲಲ್ಲಿ ಪೆಡಲ್ ಒತ್ತಿದೆ. ಬಟ್ಟೆ ಮೇಲೆ ಬಲಗೈ ಇಟ್ಟೆ, ಭಾರಕ್ಕೆ."

"ನಿನಗೆ ಬುದ್ಧಿ ಇದೆಯಾ? ಬಿದ್ದಿದ್ರೆ?"

"ಒಂದ್ಸಲ ಬಿದ್ದೆ."

"ಯಾವಾಗ?"

"ಮೊನ್ನೆ. ಆಮೇಲೆ ಎದ್ದೆ. ಕುರ್ಚಿ ಹಿಡಿದು ಏಳೋದು ಆ ಹುಡುಗಿ ಹೇಳಿಕೊಟ್ಟಿದ್ಲು. ನಿಮ್ಮನ್ನೂ ಕರೆದ್ಲು, ನೋಡ್ಕೊಳ್ಳಿ ಸರ್ ಅಂತ. ನೀವು ಫೋನಲ್ಲಿದ್ರಿ."

ಮೇಷ್ಟ್ರು ಮಂಚದ ಮೇಲೆ ಕುಕ್ಕರಿಸಿದರು. ಹೌದು, ಫೋನಿನಲ್ಲಿದ್ದರು. ಬಿದ್ದರೆ ತಾನಿದ್ದೇನಲ್ಲ, ಎತ್ತುತ್ತೇನಲ್ಲ ಎಂದುಕೊಂಡಿದ್ದರು. ತಾನಿಲ್ಲದ ಹೊತ್ತಿನಲ್ಲಿ ಹೆಂಡತಿ ನೆಲಕ್ಕೆ ಬಿದ್ದು, ತಾನು ತಿಳಿದುಕೊಳ್ಳದ ವಿದ್ಯೆಯಿಂದಲೇ ಎದ್ದು ಕೂತಿದ್ದಳು.

"ಮತ್ತೆ ಈ ಚೀಲ ಯಾಕೆ? ಒಂದು ಗವಸು ಡ್ರಾಯರಲ್ಲೇ ಇದೆಯಲ್ಲ?"

"ಅದು ನನ್ನದು" ಎಂದರು ಟೈಲರಮ್ಮ. "ಇವು ನಿಮ್ಮವು. ನನ್ನ ಬಲಗೈ ಕೆಲಸ ಮಾಡದೆ ಇರೋದಕ್ಕೆ ಕಾರಣ ನನ್ನ ಎಡಗೈ ಒಂದೇ ಅಲ್ಲ."

ಮರುದಿನ ಬೆಳಿಗ್ಗೆ ಆರೂವರೆಗೆ ಮೇಷ್ಟ್ರು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತರು. ಟೈಲರಮ್ಮ ಮಲಗಿದ್ದಲ್ಲಿಂದಲೇ ಅವರ ಎರಡೂ ಕೈಗೆ ಚೀಲ ತೊಡಿಸಿ, ಲಾಡಿಯ ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯಲ್ಲಿ ಎಳೆದು ಗಂಟು ಹಾಕಿದರು.

"ಹೊಸಬರಿಗೆ ಏನು ಹೇಳ್ತೀರಿ?"

ಮೇಷ್ಟ್ರು ಕೈಯ ಚೀಲಗಳನ್ನೇ ನೋಡಿಕೊಂಡರು.

"ಹೇಳ್ರೀ."

"ನನ್ನ ಕೈ ಇಲ್ಲಿದೆ. ಇಲ್ಲೇ ಇರುತ್ತೆ." ಚೀಲಗಳನ್ನು ಮಡಿಲಲ್ಲಿಟ್ಟುಕೊಂಡರು. "ಗಾಡಿ ನಿಮ್ದು."

ಟೈಲರಮ್ಮ ಎಡಗೈಯಿಂದ ಬಲಗೈಯನ್ನು ಎತ್ತಿ ಹೊಟ್ಟೆಯ ಮೇಲಿಟ್ಟುಕೊಂಡರು. ಎಡಪಾದವನ್ನು ಬಲಗಾಲಿನ ಕೆಳಗೆ ತೂರಿಸಿ ಎರಡನ್ನೂ ಮಂಚದ ಅಂಚಿಗೆ ತಂದರು. ಪಕ್ಕಕ್ಕೆ ಹೊರಳಿದರು. ಮೊಣಕೈ ಊರಿದರು. ಅರ್ಧ ಎದ್ದು, ಜಾರಿ, ಮತ್ತೆ ದಿಂಬಿಗೆ ಬಿದ್ದರು. ಮೇಷ್ಟ್ರ ಚೀಲಗಳು ತಾವಾಗಿಯೇ ಮುಂದಕ್ಕೆ ಹೋದವು, ಹಿಡಿಯಲು ಬೆರಳಿರಲಿಲ್ಲ. ವಾಪಸು ಮಡಿಲಿಗೆ ಬಂದವು. ಎರಡನೇ ಸಲವೂ ಜಾರಿತು. ಮೂರನೇ ಸಲ ಎದ್ದು ಕೂತರು, ಆದರೆ ಮೈ ಬಲಕ್ಕೆ ವಾಲಿತು, ಇನ್ನೂ ವಾಲಿತು. ಮೇಷ್ಟ್ರಿಗೇ ತಿಳಿಯದಂತೆ ಅವರ ಬಲಗಾಲು ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು. ಇಲ್ಲದ ಬ್ರೇಕು. ಟೈಲರಮ್ಮ ಎಡಗೈಯಲ್ಲಿ ಮಂಚದ ಪಟ್ಟಿ ಹಿಡಿದು, ವಾಲಿದ ಮೈಯನ್ನು ಇಷ್ಟಿಷ್ಟೇ ಎಳೆದು ನೇರ ಮಾಡಿಕೊಂಡರು.

ಆಮೇಲೆ ಅಂಗಿ. ಬಲಗೈ ಮೊದಲು ತೋಳಿಗೆ, ನಂತರ ತಲೆಯ ಹಿಂದಿನಿಂದ ಎಡಗೈ. ಐದು ಗುಂಡಿ. ಮೊದಲನೆಯದು ಮಾಮೂಲಿಗಿಂತ ಒಂದು ಕಾಜಾ ಕೆಳಗೆ ಹೋಯಿತು. ಮೇಷ್ಟ್ರು ಬಾಯಿ ತೆರೆದು, ಮುಚ್ಚಿದರು. ಕೊನೆಯ ಗುಂಡಿಗೆ ಬಂದಾಗ ಜಾಗವಿಲ್ಲವೆಂದು ಟೈಲರಮ್ಮನಿಗೇ ತಿಳಿಯಿತು. ಬಿಚ್ಚಿ ಮತ್ತೆ ಶುರುಮಾಡಿದರು. ಈ ಸಲ ಬಲಗೈಯ ಎರಡು ಬೆರಳು ಅಂಗಿಯ ಅಂಚನ್ನು ಹಿಡಿದವು. ಗಟ್ಟಿಯಾಗಿಯೇನಲ್ಲ, ಆದರೂ ಹಿಡಿದವು.

ಗಡಿಯಾರ ನೋಡಿದರೆ ಮೂವತ್ತಾರು ನಿಮಿಷ. ಟೈಲರಮ್ಮನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಮೇಷ್ಟ್ರ ಕೆನ್ನೆಯ ಮೇಲೆ ಇಳಿಯುತ್ತಿದ್ದದ್ದು ಬೆವರಲ್ಲ. ಒರೆಸಿಕೊಳ್ಳಲು ಅವರಿಗೆ ಕೈಯಿರಲಿಲ್ಲ. ಟೈಲರಮ್ಮ ನೋಡಿ ನಕ್ಕರು; ಇನ್ನೂ ಸ್ವಲ್ಪ ಸೊಟ್ಟಗೇ ಇದ್ದ ನಗು. "ಸ್ವಲ್ಪ ಕಷ್ಟ ಅಲ್ವಾ, ಕೈ ಇಲ್ಲದೆ?" ಎಂದರು.

ಹೀಗೆ ಆರು ವಾರ ನಡೆಯಿತು. ಎಲ್ಲ ದಿನವೂ ಚೆನ್ನಾಗಿರಲಿಲ್ಲ. ಒಂದು ದಿನ ಸಾರಿನ ಬಟ್ಟಲು ನೆಲ ಕಂಡಿತು. ಇನ್ನೊಂದು ದಿನ ಟೈಲರಮ್ಮ ಸಿಟ್ಟಿನಿಂದ ತಮ್ಮ ಬಲಗೈಯನ್ನೇ ಎಡಗೈಯಲ್ಲಿ ಹೊಡೆದುಕೊಂಡರು, ಮೇಷ್ಟ್ರು ಚೀಲದ ಕೈಯಲ್ಲೇ ಅದನ್ನು ತಬ್ಬಿಕೊಂಡು ಕೂತರು. ಫಿಸಿಯೋ ಹುಡುಗಿ ಬಂದಾಗ ಈಗ ಮೇಷ್ಟ್ರು ಫೋನು ಆಚೆಗಿಟ್ಟು, ಶಾಲೆಯ ಮಗುವಿನಂತೆ ಎದುರಿಗೆ ಕೂತು ಕಲಿಯುತ್ತಿದ್ದರು: ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು, ಎಷ್ಟು ಹೊತ್ತು ಕಾಯಬೇಕು. ಸ್ನಾನದ ಮನೆಯ ಗೋಡೆಗೆ ಹಿಡಿಕೆ ಬಂತು. ಬಾಗಿಲ ಚಿಲಕ ಎಡಗೈಗೆ ಸಿಗುವ ಎತ್ತರಕ್ಕೆ ಇಳಿಯಿತು. ಹುಡುಗಿಗೆ ಆ ನೀಲಿ ಚೀಲಗಳನ್ನು ತೋರಿಸಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಅವುಗಳ ಸೊಟ್ಟ ಹೊಲಿಗೆಯ ಮೇಲೆ ಬೆರಳಾಡಿಸಿ, "ಇನ್ನೂ ಹತ್ತು ಮನೆಗೆ ಬೇಕಿತ್ತು ಇದು" ಎಂದಳು.

ಆಪರೇಷನ್ನಿಗೆ ಎರಡು ದಿನ ಮೊದಲು ಅಕ್ಕ ಬಂದರು, ಟೈಲರಮ್ಮನ ಬಟ್ಟೆ ತುಂಬಲೆಂದು ಖಾಲಿ ಪೆಟ್ಟಿಗೆ ಹಿಡಿದುಕೊಂಡೇ. ಅದೇ ಹೊತ್ತಿಗೆ ಹುಡುಗಿ ಹಳೆಯ ಹಾಳೆಯ ಹೊಸ ಪ್ರತಿ ತಂದಿದ್ದಳು.

"ಹಾಸಿಗೆಯಿಂದ ಎದ್ದು ಕೂರೋದು?"

"ಅಯ್ಯೋ, ಅವಳಿಗೆಲ್ಲಿ..." ಎಂದು ಶುರುಮಾಡಿದರು ಅಕ್ಕ.

"ಅಕ್ಕಾ, ಅವಳನ್ನೇ ಕೇಳಲಿ" ಎಂದರು ಮೇಷ್ಟ್ರು.

ಆರಕ್ಕೆ ಆಗುತ್ತೆ ಎಂದರು ಟೈಲರಮ್ಮ. ಮೂರಕ್ಕೆ ಸ್ವಲ್ಪ ಸಹಾಯ ಬೇಕು ಎಂದರು. ಮೆಟ್ಟಿಲು ಹತ್ತಿಳಿಯುವುದು ಮಾತ್ರ ಆಗಲ್ಲ. ಪ್ರತಿ ಉತ್ತರಕ್ಕೂ ಹೊತ್ತು ಹಿಡಿಯಿತು. ಕೋಣೆಯಲ್ಲಿ ಯಾರೂ ಅವರ ಮಾತನ್ನು ಮುಗಿಸಿಕೊಡಲಿಲ್ಲ. ಅಕ್ಕ ನಂಬಲಿಲ್ಲ. ಆಗ ಟೈಲರಮ್ಮ ಎದ್ದು, ಕೋಲೂರಿ, ಬಲಗಾಲು ಎಳೆಯುತ್ತ ಬಾಗಿಲತನಕ ಹೋಗಿ, ಚಿಲಕ ಹಾಕಿ, ತೆಗೆದು ಬಂದರು. ಅಕ್ಕ ಪೆಟ್ಟಿಗೆಯನ್ನು ಮಂಚದ ಕೆಳಗೆ ಸರಿಸಿದರು. "ಸರಿ, ಆಸ್ಪತ್ರೆಗೆ ಇವನ ಜೊತೆ ನಾನು ಹೋಗ್ತೀನಿ. ನಿನ್ನ ಬಟ್ಟೆ ಬದಲು ಇವನ ಬಟ್ಟೆ ತುಂಬೋಣ ಇದಕ್ಕೆ" ಎಂದರು. ಆ ಹಠಮಾರಿ ಹೆಂಗಸಿನ ಕಣ್ಣೂ ಒದ್ದೆಯಾಗಿತ್ತು.

ಮೇಷ್ಟ್ರು ಹೊರಟ ದಿನ ಟ್ಯಾಕ್ಸಿಯಲ್ಲಿ ಕೂತು ತಿರುಗಿ ನೋಡಿದರು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ಅದು ಕೇಳುವ ತನಕ ಅವರು ಡ್ರೈವರಿಗೆ ಹೊರಡಲು ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಮೂರು ದಿನ; ಮನೆಗೆ ಎದುರುಮನೆಯಾಕೆ ಊಟ ತಂದುಕೊಟ್ಟು ಹೋಗುತ್ತಿದ್ದರು. ಮೇಷ್ಟ್ರು ದಿನಕ್ಕೆ ಆರೇಳು ಸಲ ಫೋನು ಮಾಡುತ್ತಿದ್ದರು. ಮೂರನೇ ದಿನ ಟೈಲರಮ್ಮ ಹೇಳಿದರು: "ಪದೇ ಪದೇ ಫೋನ್ ಮಾಡ್ಬೇಡಿ. ಎತ್ತೋಕೆ ಏಳ್ಬೇಕು ನಾನು."

ಮನೆಗೆ ಬಂದ ಮರುದಿನ ಬೆಳಿಗ್ಗೆ. ಮೇಷ್ಟ್ರು ಎಚ್ಚರಗೊಂಡಾಗ ಟೈಲರಮ್ಮ ಆಗಲೇ ಅಂಗಿ ತೊಟ್ಟು, ಐದೂ ಗುಂಡಿ ಹಾಕಿಕೊಂಡು, ಆ ಸ್ಟೂಲಿನ ಮೇಲೆ ಕೂತಿದ್ದರು. ಮೇಷ್ಟ್ರು ಏಳಲು ನೋಡಿದರು. ಹೊಟ್ಟೆಯ ಹೊಲಿಗೆ ಚುಳ್ಳೆಂದಿತು. "ಅಯ್ಯಮ್ಮಾ" ಎಂದು ದಿಂಬಿಗೊರಗಿ, ಹೆಂಡತಿಯತ್ತ ಕೈ ಚಾಚಿದರು.

ಟೈಲರಮ್ಮ ಆ ಕೈ ಹಿಡಿಯಲಿಲ್ಲ. ಎಡಗೈಯಿಂದ ಬಲಗೈಯನ್ನು ತಂದು, ಎರಡನ್ನೂ ಮಡಿಲಲ್ಲಿಟ್ಟುಕೊಂಡರು.

"ಹಾಗಲ್ಲ. ಮೊದಲು ಪಕ್ಕಕ್ಕೆ ಹೊರಳಿ. ಮೊಣಕಾಲು ಮಡಚಿ. ಕಾಲು ಅಂಚಿಗೆ ತನ್ನಿ. ಈಗ ಮೊಣಕೈ ಊರಿ. ಅವಸರ ಬೇಡ."

ಮೇಷ್ಟ್ರು ಹೊರಳಿದರು. ಮಡಚಿದರು. ಊರಿದರು. ಅರ್ಧ ಎದ್ದು, ನೋವಿಗೆ ಹಲ್ಲು ಕಚ್ಚಿ, ಅಲ್ಲೇ ನಿಂತರು. ಎದುರಿಗೆ ಹೆಂಡತಿಯ ಮುಖ ಶಾಂತವಾಗಿತ್ತು. ಎಷ್ಟೋ ಸಾವಿರ ಜನರಿಗೆ ತಾವು ತೋರಿಸಿದ ಮುಖ ಅದೇ ಎಂದು ಅವರಿಗೆ ಗೊತ್ತಾಯಿತು.

ಆ ಮುಖವನ್ನು ನೋಡಲಾರದೆ ಮೇಷ್ಟ್ರು ಕಣ್ಣು ಕೆಳಗಿಳಿಸಿದರು. ಆಗ ಆಕೆಯ ಬಲಗಾಲು ಕಂಡಿತು. ಪಾರ್ಶ್ವವಾಯು ಬಡಿದ ದಿನ ಡಾಕ್ಟರು ಸೂಜಿ ಚುಚ್ಚಿದಾಗಲೂ ಅಲುಗದೆ ಬಿದ್ದಿದ್ದ ಕಾಲು. ಅದರ ಹೆಬ್ಬೆರಳು ನೆಲವನ್ನು ಒತ್ತಿ ಹಿಡಿದು ಬೆಳ್ಳಗಾಗಿತ್ತು.